ಮಲೆನಾಡಿನ ಹಿತ್ತಲಿಗೆ ಎಂಥ ಒಡ್ಡಿ, ಎಂಥ ಬೇಲಿ, ಎಂಥ ಕೋಳಿ?

ಮನೆ ಹಿತ್ತಲಲ್ಲಿ ಎಂಟು ಹತ್ತು ಕೋಳಿ ಸಾಕೋಣ ಅಂತ ಹೊರಟವರು ಮೊದಲು ಕೇಳುವುದು ತಳಿಯ ಬಗ್ಗೆ. ಗಿರಿರಾಜ ತರೋಣವೋ, ನಾಟಿಯೇ ಸಾಕೋ, ಕಡಕ್‌ನಾಥ್ ಹೇಗೆ, ವರ್ಷಕ್ಕೆ ಎಷ್ಟು ಮೊಟ್ಟೆ? ನನ್ನನ್ನು ಕೇಳಿದರೆ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ರಾತ್ರಿ ಅವು ಎಲ್ಲಿ ಮಲಗುತ್ತವೆ, ಅಂದರೆ ಒಡ್ಡಿ (ಕೋಳಿಗೂಡು) ಎಂಥದ್ದು? ಎರಡನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಯ್ಯುವಾಗ ಹಗಲು ಎಲ್ಲಿ ಇರುತ್ತವೆ? ಇವೆರಡಕ್ಕೆ ಉತ್ತರ ಸಿಕ್ಕಿದ ಮೇಲೆ ತಳಿ ಆರಿಸುವುದು ಸುಲಭ.

ಮೊಬೈಲಿನಲ್ಲಿ ಬರುವ ಕೋಳಿ ಸಾಕಣೆಯ ವಿಡಿಯೊಗಳಲ್ಲಿ ಹೆಚ್ಚಿನವು ಬಯಲುಸೀಮೆಯವು. ಒಣ ನೆಲ, ಒಳ್ಳೆ ಬಿಸಿಲು, ಸುತ್ತ ಒಂದು ಬಲೆ ಕಟ್ಟಿದರೆ ಕೆಲಸ ಮುಗಿಯಿತು. ಅದನ್ನೇ ನೋಡಿಕೊಂಡು ತೀರ್ಥಹಳ್ಳಿ, ಹೊಸನಗರದಲ್ಲಿ ಮಾಡಿದರೆ ಮೊದಲ ಮಳೆಗಾಲದಲ್ಲೇ ಕೈ ಸೋಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ, ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಇಲ್ಲ. ಎರಡೂ ಶಿವಮೊಗ್ಗ ಜಿಲ್ಲೆಯೇ ಆದರೂ ಅವರ ಕೋಳಿಮನೆ ಇವರಿಗೆ ಹೊಂದುವುದಿಲ್ಲ. ಕೆಳಗೆ ಹೇಳುವುದೆಲ್ಲ ಮಳೆ ಜಾಸ್ತಿ ಇರುವ ಕಡೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಶಿಕಾರಿಪುರ, ಭದ್ರಾವತಿ ಕಡೆಯವರು ಸ್ವಲ್ಪ ಸಡಿಲ ಮಾಡಿಕೊಳ್ಳಬಹುದು.

ರಾತ್ರಿಯ ಒಡ್ಡಿ: ದುಡ್ಡು ಹಾಕುವುದಿದ್ದರೆ ಇಲ್ಲಿಗೆ ಹಾಕಿ

ಮೂರು ದಾರಿ ಇವೆ. ಹಲಸಿನ ಮರದ ಕೊಂಬೆಗೆ ಹತ್ತಿ ಕೂರಲಿ ಅಂತ ಬಿಟ್ಟುಬಿಡುವುದು, ನೆಲದ ಮೇಲೆ ಇಟ್ಟಿಗೆ ಅಥವಾ ಜಂಬಿಟ್ಟಿಗೆಯ ಕೋಣೆ ಕಟ್ಟುವುದು, ಕಂಬದ ಮೇಲೆ ಎತ್ತರದ ಒಡ್ಡಿ ಮಾಡುವುದು.

ಮರದ ಮೇಲೆ ಬಿಡುವುದಕ್ಕೆ ಖರ್ಚಿಲ್ಲ. ನಾಟಿ ಕೋಳಿಗೆ ಅದು ಇಷ್ಟ ಕೂಡ. ಆದರೆ ಕಾಡುಬೆಕ್ಕು, ಪುನುಗಿನ ಬೆಕ್ಕು ಮರ ಹತ್ತುವುದರಲ್ಲಿ ಕೋಳಿಗಿಂತ ಜಾಣ. ಆಷಾಢದ ಮಳೆಯಲ್ಲಿ ರಾತ್ರಿಯಿಡೀ ನೆನೆದ ಹ್ಯಾಟೆ ಮೊಟ್ಟೆ ಇಡುವುದನ್ನೂ ನಿಲ್ಲಿಸುತ್ತದೆ. ಇದನ್ನು ಬಿಟ್ಟುಬಿಡಿ.

ನೆಲದ ಕೋಣೆ ಗಟ್ಟಿ, ಬಾಗಿಲು ಭದ್ರ. ಭತ್ತದ ಹೊಟ್ಟು ಮೂರು ನಾಲ್ಕು ಇಂಚು ಹಾಸಿ, ಆಗಾಗ ತಿರುವಿ ಹಾಕುತ್ತಿದ್ದರೆ ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ, ಹಾಸಿದ್ದೆಲ್ಲ ಕೊನೆಗೆ ಒಳ್ಳೆ ಗೊಬ್ಬರವೂ ಆಗುತ್ತದೆ. ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ನೆಲದಿಂದ ತೇವ ಏರುತ್ತದೆ, ಹಿಕ್ಕೆ ಒಣಗುವುದಿಲ್ಲ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಉರಿ ಹತ್ತುವ ನಾತ ಬರುತ್ತದೆ. ಆ ನಾತ ನಿಮಗೆ ಬಂತು ಅಂದರೆ ಕೋಳಿಯ ಉಸಿರಾಟಕ್ಕೆ ಆಗಲೇ ಪೆಟ್ಟು ಬೀಳುತ್ತಿದೆ. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡಿ. ಬಿಟ್ಟಾಗ ಉದುರಿದರೆ ಸರಿ. ಉಂಡೆ ಕಟ್ಟಿಕೊಂಡೇ ಉಳಿದರೆ ತೆಗೆದು ಬೇರೆ ಹಾಸಬೇಕು. ಒದ್ದೆ ಹಾಸಿನಲ್ಲಿ ಬೆಳೆಯುವ ರಕ್ತಭೇದಿ ರೋಗ ಮರಿಗಳನ್ನು ಸಾಲಾಗಿ ಮಲಗಿಸುತ್ತದೆ.

ನನ್ನ ಮತ ಎತ್ತರದ ಒಡ್ಡಿಗೆ. ನೆಲದಿಂದ ಮೂರು ಅಡಿ ಮೇಲೆ, ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರದ ಪಟ್ಟಿ) ಬೆರಳಗಲ ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿ ಆಡುತ್ತದೆ, ಕೋಳಿಯ ಕಾಲು ಒಣಗಿರುತ್ತದೆ. ತೋಟ ಇರುವವರಿಗೆ ದಬ್ಬೆ ಮನೆಯಲ್ಲೇ ಸಿಗುತ್ತದೆ. ಇಲ್ಲಿ ಎರಡು ಮಾತು ಮಾತ್ರ ಮರೆಯಬಾರದು. ಸೀಳಿದ ದಬ್ಬೆಯ ಅಂಚಿನಲ್ಲಿ ಸಿಬಿರು ಇರುತ್ತದೆ, ಅದು ಕೋಳಿಯ ಅಂಗಾಲಿಗೆ ಚುಚ್ಚಿ ಒಳಗೆ ಕೀವು ಕಟ್ಟಿ ಗಂಟಾಗುತ್ತದೆ. ಕತ್ತಿಯಿಂದ ಅಂಚು ಹೆರೆದು ಆಮೇಲೆ ಹೊಡೆಯಿರಿ. ಇನ್ನೊಂದು, ಸಂದಿಯ ಕೆಳಗಿನಿಂದ ಕಾಡುಬೆಕ್ಕು ಕೋಳಿಯ ಬೆರಳನ್ನೇ ಕಚ್ಚಿ ಎಳೆಯುತ್ತದೆ. ದಬ್ಬೆಯ ಅಡಿಗೆ ವೆಲ್ಡ್ ಮೆಶ್ (ಬೆಸೆದ ತಂತಿಯ ಗಟ್ಟಿ ಬಲೆ) ಹೊಡೆದರೆ ಈ ಕಾಟ ಇಲ್ಲ. ಆದರೆ ಮೆಶ್ಶಿಗೂ ದಬ್ಬೆಗೂ ನಡುವೆ ಎರಡು ಮೂರು ಇಂಚು ಜಾಗ ಇರಲಿ, ಇಲ್ಲದಿದ್ದರೆ ಹಿಕ್ಕೆ ಅಲ್ಲೇ ಕಟ್ಟಿಕೊಳ್ಳುತ್ತದೆ.

ಹಾಗಂತ ಎತ್ತರದ ಒಡ್ಡಿಗೆ ದೋಷವೇ ಇಲ್ಲ ಅಂತಲ್ಲ. ದಬ್ಬೆಯ ಸಂದಿಯಲ್ಲಿ ಕೋಳಿಹೇನು ಹಗಲು ಅಡಗಿ ಕೂತು ರಾತ್ರಿ ರಕ್ತ ಹೀರುತ್ತದೆ. ಹ್ಯಾಟೆಗಳು ಸಂಜೆ ಒಳಗೆ ಹೋಗಲು ಹಿಂದೆಮುಂದೆ ನೋಡಿದರೆ ಮೊದಲು ಹೇನನ್ನೇ ಅನುಮಾನಿಸಿ. ಬಚ್ಚಲೊಲೆಯ ಬೂದಿಯನ್ನು ಒಣ ಮಣ್ಣಿಗೆ ಬೆರೆಸಿ ಸೂರಿನಡಿ ಒಂದು ಕಡೆ ಹಾಕಿಟ್ಟರೆ ಕೋಳಿಗಳು ಅದರಲ್ಲೇ ಹೊರಳಿ ಮೈ ಕೊಡವಿಕೊಳ್ಳುತ್ತವೆ. ಬೂದಿ ಒದ್ದೆಯಾಗದಂತೆ ನೋಡಿಕೊಳ್ಳಿ, ಒದ್ದೆ ಬೂದಿ ಚರ್ಮ ಸುಡುತ್ತದೆ.

ಒಡ್ಡಿ ಯಾವುದೇ ಇರಲಿ, ಅಡಿಗೆ ಮೆಶ್ ಹೊಡೆದ ದಬ್ಬೆಯ ಸಂದು ಬಿಟ್ಟು ಎಲ್ಲೂ ಅರ್ಧ ಇಂಚಿಗಿಂತ ದೊಡ್ಡ ಕಿಂಡಿ ಬೇಡ. ಮುಂಗುಸಿಗೆ ತಲೆ ತೂರಿದರೆ ಸಾಕು, ಮೈಯೂ ತೂರುತ್ತದೆ. ಹಾವೂ ಹಾಗೆಯೇ. ಬೆಳಗ್ಗೆ ಬಾಗಿಲು ತೆಗೆದಾಗ ಹೆಬ್ಬಾವೊಂದು ಕೋಳಿ ನುಂಗಿ, ಹೊಟ್ಟೆ ಉಬ್ಬಿ, ಬಂದ ಕಿಂಡಿಯಲ್ಲಿ ಹೊರಗೆ ಹೋಗಲಾಗದೆ ಮೂಲೆಯಲ್ಲಿ ಸುತ್ತಿ ಮಲಗಿರುವುದು ಮಲೆನಾಡಿನಲ್ಲಿ ಹೊಸ ಸುದ್ದಿಯೇನಲ್ಲ. ಹಾವು, ಮುಂಗುಸಿ, ಉಡ ಇವನ್ನೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತದೆ, ಹೊಡೆಯುವ ಹಾಗಿಲ್ಲ. ಹೊಡೆದರೂ ಪ್ರಯೋಜನ ಇಲ್ಲ, ಕಿಂಡಿ ಇದ್ದರೆ ನಾಳೆ ಇನ್ನೊಂದು ಬರುತ್ತದೆ.

ಹಗಲಿನ ಬೇಲಿ

ರಾತ್ರಿ ಒಡ್ಡಿ ಭದ್ರ ಇದ್ದರೆ ಹಗಲಿನ ಬೇಲಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದರ ಕೆಲಸ ಎರಡೇ. ಬೀದಿನಾಯಿಯನ್ನು ಹೊರಗಿಡುವುದು, ಕೋಳಿಯನ್ನು ಪಕ್ಕದವರ ತರಕಾರಿ ಪಾತಿಯಿಂದ ದೂರ ಇಡುವುದು. ಎರಡನೆಯದೇ ಕಷ್ಟ. ನಾಯಿ ಕೋಳಿ ಹಿಡಿದರೆ ಒಂದು ಕೋಳಿ ಹೋಯಿತು, ಕೋಳಿ ಪಕ್ಕದವರ ಹರಿವೆ ಕೆದರಿದರೆ ಮಾತುಕತೆಯೇ ನಿಂತುಹೋಗುತ್ತದೆ.

ಬಿದಿರಿನ ದಡೆ ಹಾಕಿದರೆ ನೋಡಲು ಚಂದ, ಖರ್ಚು ಕಡಿಮೆ, ಆದರೆ ಬುಡ ಮಣ್ಣಿನಲ್ಲಿ ಹೂತಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕುಂಬಾಗಿ ಗೆದ್ದಲು ಹಿಡಿಯುತ್ತದೆ. ಚೈನ್‌ಲಿಂಕ್ ಗಟ್ಟಿ, ನಾಯಿ ಹರಿಯಲಾರದು. ಆದರೆ ಕಣ್ಣು ಎರಡು ಇಂಚಿನದು, ಹೂಮರಿಗಳು ಸಲೀಸಾಗಿ ಆಚೆ ಹೋಗುತ್ತವೆ, ಮುಂಗುಸಿ ಈಚೆ ಬರುತ್ತದೆ. ಆರು ಮೂಲೆಯ ಕಣ್ಣಿನ ತೆಳ್ಳನೆ ಕೋಳಿ ಬಲೆ ಅಂತ ಅಂಗಡಿಯಲ್ಲಿ ಕೊಡುತ್ತಾರಲ್ಲ, ಅದು ಕೋಳಿಯನ್ನು ಒಳಗೆ ಇಡುವುದಕ್ಕೆ ಸರಿ, ನಾಯಿಯನ್ನು ಹೊರಗೆ ಇಡುವುದಕ್ಕಲ್ಲ. ಹಟ ಹಿಡಿದ ನಾಯಿ ಹಲ್ಲಲ್ಲೇ ಸೀಳುತ್ತದೆ. ನಮ್ಮ ಮಳೆಗೆ ಅದು ಬೇಗ ತುಕ್ಕೂ ಹಿಡಿಯುತ್ತದೆ.

ಹಾಗಾಗಿ ಬೆರಕೆ ಮಾಡುವುದೇ ಒಳ್ಳೆಯದು. ಕೆಳಗಿನ ಎರಡು ಅಡಿಗೆ ಸತು ಲೇಪದ, ಸಣ್ಣ ಕಣ್ಣಿನ ವೆಲ್ಡ್ ಮೆಶ್ ಹಾಕಿ. ಮೇಲೆ ನಾಲ್ಕೈದು ಅಡಿ ನೈಲಾನ್ ಬಲೆ, ಅದು ಹಗುರ, ತುಕ್ಕು ಹಿಡಿಯಲ್ಲ. ಮೆಶ್ಶಿನ ಬುಡವನ್ನು ಒಂದಡಿ ಹೊರಗೆ ಮಡಚಿ ನೆಲದ ಮೇಲೆ ಹಾಸಿ ಕಲ್ಲು ಹೇರಿಬಿಡಿ. ನಾಯಿ ಬೇಲಿಯ ಬುಡದಲ್ಲೇ ಕೆದರುತ್ತದೆ, ಹಿಂದೆ ಸರಿದು ಕೆದರುವಷ್ಟು ಯೋಚನೆ ಅದಕ್ಕೆ ಬರುವುದಿಲ್ಲ. ಕಂಬಕ್ಕೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಟ್ಟರೆ ಚಿಗುರಿ ಜೀವಂತ ಬೇಲಿ ಆಗುತ್ತದೆ, ಸೊಪ್ಪು ತೋಟಕ್ಕೂ ಬರುತ್ತದೆ.

ಸೋಲಾರ್ ಬೇಲಿ ಹೇಗೆ ಅಂತ ಕೆಲವರು ಕೇಳುತ್ತಾರೆ. ಹಂದಿ ಕಾಟ ಇರುವ ಗದ್ದೆಗೆ ಸರಿ, ಹತ್ತು ಕೋಳಿಗೆ ದಂಡ. ಮಳೆಗಾಲದಲ್ಲಿ ಹುಲ್ಲು ಎದ್ದು ಕೆಳಗಿನ ತಂತಿಗೆ ತಾಗುತ್ತಾ ಇರುತ್ತದೆ, ಕರೆಂಟು ನೆಲಕ್ಕೆ ಇಳಿದು ಬೇಲಿ ಸಪ್ಪೆಯಾಗುತ್ತದೆ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವ ಯೋಚನೆಯಂತೂ ಬೇಡವೇ ಬೇಡ. ಅದು ಅಪರಾಧ, ಮತ್ತು ಅದರಿಂದ ಮನುಷ್ಯರೇ ಸಾಯುತ್ತಾರೆ.

ಬೇಲಿಯೇ ಇಲ್ಲದೆ ತೋಟಕ್ಕೆ ಬಿಡಬಹುದಾ? ಬಿಡಬಹುದು. ಹುಳ, ಗೆದ್ದಲು, ಹುಲ್ಲಿನ ಬೀಜ ಎಲ್ಲ ಪುಕ್ಕಟೆ ಸಿಗುತ್ತದೆ. ಗಿಡುಗದ ಕಾಟಕ್ಕೆ ಅಡಿಕೆ ಬಾಳೆಯ ನೆರಳೇ ಅರ್ಧ ರಕ್ಷಣೆ, ಇನ್ನರ್ಧ ಒಳ್ಳೆಯ ಹುಂಜ. ಆದರೆ ಅಡಿಕೆ ಬುಡಕ್ಕೆ ಹಾಕಿದ ಸೊಪ್ಪು ಗೊಬ್ಬರವನ್ನೆಲ್ಲ ಕೆದರಿ ಬೇರು ಬಿಡಿಸುತ್ತವೆ, ಹೊಸ ಸಸಿ ಇರುವ ಕಡೆ ಬಿಡಬೇಡಿ. ಇನ್ನೊಂದು ಮುಖ್ಯ ವಿಷಯ ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಅಂತ ಮಳೆಗಾಲದ ಆರಂಭಕ್ಕೆ ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ ಹೊಡೆಯುತ್ತೇವಲ್ಲ, ಅದರಲ್ಲಿರುವುದು ಮೈಲುತುತ್ತ. ಅದು ಕೋಳಿಗೆ ವಿಷ. ಔಷಧಿ ಕಲಸಿದ ಡ್ರಮ್ಮಿನ ಸುತ್ತ ನೀಲಿ ನೀರು ನಿಂತಿರುತ್ತದೆ, ಕೋಳಿ ಹೋಗಿ ಅದನ್ನೇ ಕುಡಿಯುತ್ತದೆ. ಹೊಡೆಯುವ ದಿನ ಮತ್ತು ಅದಾದ ಮೇಲೆ ಕೆಲವು ದಿನ ಒಡ್ಡಿಯಲ್ಲೇ ಇಟ್ಟು ಮೇವು ಹಾಕಿ. ಕಳೆನಾಶಕ ಹೊಡೆಯುವ ತೋಟವಾದರೆ ಬಿಡುವ ಯೋಚನೆಯನ್ನೇ ಕೈಬಿಡಿ.

ಅಂತೂ ನಮ್ಮ ಕಡೆಗೆ ಹೊಂದುವುದು ನಡುವಿನ ದಾರಿ. ಬೆಳಗ್ಗೆ ಮೊಟ್ಟೆ ಇಡುವವರೆಗೆ ಬೇಲಿಯೊಳಗೆ, ಮಧ್ಯಾಹ್ನದ ಮೇಲೆ ತೋಟಕ್ಕೆ, ಸಂಜೆ ಮೇವಿನ ಆಸೆಗೆ ವಾಪಸ್. ಮೊಟ್ಟೆಯನ್ನು ಲಂಟಾನದ ಪೊದೆಯಲ್ಲಿ ಹುಡುಕುವ ಕೆಲಸವೂ ತಪ್ಪುತ್ತದೆ. ಚಕ್ರ ಹಾಕಿ ದಿನಾ ಜಾಗ ಬದಲಿಸುವ ಗೂಡು ಇಳಿಜಾರಿನ ಹಿತ್ತಲಿಗೆ ಆಗಿಬರುವುದಿಲ್ಲ.

ಈಗ ತಳಿ

ನಾಟಿ ಹ್ಯಾಟೆ ವರ್ಷಕ್ಕೆ ಇಡುವುದು ಹೆಚ್ಚೆಂದರೆ 60-70 ಮೊಟ್ಟೆ. ಹತ್ತು ಹದಿನೈದು ಇಟ್ಟ ಮೇಲೆ ಕಾವಿಗೆ ಕೂರುತ್ತದೆ, 21 ದಿನಕ್ಕೆ ಮರಿ ತೆಗೆಯುತ್ತದೆ, ಆಮೇಲೆ ಮರಿಗಳ ಹಿಂದೆ ತಿರುಗುತ್ತದೆ. ಮೊಟ್ಟೆಯ ಲೆಕ್ಕದಲ್ಲಿ ಸೋತಿತು ಅನ್ನಿ. ಆದರೆ ಮರಿ ಕೊಳ್ಳುವ ಖರ್ಚಿಲ್ಲ, ತನ್ನ ಮೇವನ್ನು ಬಹುಪಾಲು ತಾನೇ ಹುಡುಕಿಕೊಳ್ಳುತ್ತದೆ, ಗಿಡುಗದ ನೆರಳು ಕಂಡ ಕೂಡಲೇ ಕೂಗಿ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಕಡುಬಿನ ಜೊತೆಗಿನ ಸಾರಿಗೆ ಯಾವುದು ಬೇಕು ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಗಿರಿರಾಜ, ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ತಳಿಗಳು. ಸ್ವರ್ಣಧಾರ ಬಿಡುಗಡೆಯಾದದ್ದು 2005ರಲ್ಲಿ. ಗಿರಿರಾಜ ಒಳ್ಳೆ ಮೇವು ಸಿಕ್ಕಿದರೆ ವರ್ಷಕ್ಕೆ 130-150 ಮೊಟ್ಟೆ, ಸ್ವರ್ಣಧಾರ 180ರ ಆಸುಪಾಸು. ಒಳ್ಳೆ ಮೇವು ಸಿಕ್ಕಿದರೆ ಅನ್ನುವ ಮಾತನ್ನು ಇನ್ನೊಮ್ಮೆ ಓದಿ. ತೋಟದಲ್ಲಿ ಸಿಕ್ಕಿದ್ದನ್ನು ತಿಂದುಕೊಂಡಿರಲಿ ಅಂತ ಬಿಟ್ಟರೆ ಆ ಸಂಖ್ಯೆ ಬರಲ್ಲ. ಗಿರಿರಾಜನ ಮೈ ಭಾರ, ಹಾರಲಾರದು. ಬೇಲಿ ಕಟ್ಟುವವರಿಗೆ ಅದು ಅನುಕೂಲ, ನಾಯಿ ಬಂದಾಗ ಅದೇ ಅನನುಕೂಲ. ಎರಡೂ ಕಾವಿಗೆ ಕೂರುವುದು ಅಪರೂಪ. ಮನೆಯಲ್ಲೇ ಇವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೂ ತಾಯಿಯ ಗುಣ ಪೂರ್ತಿ ಬರುವುದಿಲ್ಲ, ಹಾಗಾಗಿ ಪ್ರತಿ ಸಲ ಹೊಸ ಮರಿ ತರಬೇಕು. ಶಿವಮೊಗ್ಗದಲ್ಲೂ ಪಶುವೈದ್ಯಕೀಯ ಕಾಲೇಜು ಇದೆ, ಮರಿ ಎಲ್ಲಿ ಸಿಗುತ್ತದೆ ಅಂತ ಅಲ್ಲಿ ವಿಚಾರಿಸಿ. ಸಂತೆಯಲ್ಲಿ ಗಿರಿರಾಜ ಅಂತ ಮಾರುವುದೆಲ್ಲ ಗಿರಿರಾಜ ಅಲ್ಲ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ್ದು, 2018ರಲ್ಲಿ ಅಲ್ಲಿನ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಕಪ್ಪು ಮಾಂಸಕ್ಕೆ ಗಿರಾಕಿ ಮೊದಲೇ ಗೊತ್ತಿದ್ದರೆ ಸಾಕಿ, ಇಲ್ಲದಿದ್ದರೆ ಸುಮ್ನೆ ಖರ್ಚು.

ಮನೆಖರ್ಚಿನ ಮೊಟ್ಟೆ ಸಾಕು, ದಿನಾ ಮೇವು ಕೊಳ್ಳುವ ಮನಸ್ಸಿಲ್ಲ ಅನ್ನುವವರಿಗೆ ನಾಟಿಯೇ ಸರಿ. ವಾರಕ್ಕೆ ಇಷ್ಟು ಮೊಟ್ಟೆ ಅಂಗಡಿಗೆ ಕೊಡುತ್ತೇನೆ ಅನ್ನುವವರು ಸ್ವರ್ಣಧಾರ ತಂದು ಮೇವಿಗೆ ದುಡ್ಡು ಇಡಿ. ಎರಡನ್ನೂ ಸಾಕುವವರು ಒಂದೇ ಒಡ್ಡಿಗೆ ಹಾಕುವ ಮೊದಲು ಹೊಸ ಕೋಳಿಗಳನ್ನು ಎರಡು ಮೂರು ವಾರ ಬೇರೆ ಇಡಲೇಬೇಕು. ರೋಗ ಬರುವುದೇ ಹೀಗೆ ಸಂತೆಯಿಂದ ತಂದದ್ದನ್ನು ಅದೇ ಸಂಜೆ ಒಳಗೆ ಬಿಟ್ಟಾಗ.

ಲಸಿಕೆಯ ಮಾತು ಬಂದಾಗ, ನೈಸರ್ಗಿಕವಾಗಿ ಸಾಕುತ್ತೇವೆ, ಲಸಿಕೆ ಯಾಕೆ ಅನ್ನುವವರಿದ್ದಾರೆ. ಕೊಕ್ಕರೆ ರೋಗ (ರಾಣಿಖೇತ್) ಒಂದು ಸಲ ಕೇರಿಗೆ ಬಂದರೆ ಒಡ್ಡಿಗೆ ಒಡ್ಡಿಯೇ ಖಾಲಿ. ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ ಬಿದ್ದ ಮೇಲೆ ಬೆಳ್ಳುಳ್ಳಿ, ಅರಿಸಿನ ಏನೂ ಕೆಲಸ ಮಾಡುವುದಿಲ್ಲ, ಅದಕ್ಕೆ ಮದ್ದೇ ಇಲ್ಲ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಆರೆಂಟು ವಾರದ ಮೇಲೆ ಚುಚ್ಚುಮದ್ದು. ಒಂದು ಸೀಸೆ ಒಡೆದರೆ ನೂರು ಕೋಳಿಗೆ ಆಗುತ್ತದೆ, ಕೆಲವೇ ಗಂಟೆಯಲ್ಲಿ ಬಳಸಿ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಪಶು ಆಸ್ಪತ್ರೆಯವರನ್ನು ಕರೆಸಿಕೊಳ್ಳಿ.

ಮೇವು: ಮನೆಯದ್ದೋ, ಚೀಲದ್ದೋ?

ಮೊಟ್ಟೆ ಇಡುವ ದೊಡ್ಡ ಕೋಳಿ ದಿನಕ್ಕೆ 110-120 ಗ್ರಾಂ ತಿನ್ನುತ್ತದೆ. ತೋಟಕ್ಕೆ ಬಿಡುವ ನಾಟಿಗೆ ಸಂಜೆ 40-50 ಗ್ರಾಂ ಹಾಕಿದರೆ ಆಗುತ್ತದೆ. ನುಚ್ಚು, ತೌಡು, ಮೆಕ್ಕೆಜೋಳ ಇವೆಲ್ಲ ಹೊಟ್ಟೆ ತುಂಬಿಸುತ್ತವೆ, ಆದರೆ ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಮೇವಿನಲ್ಲಿ ನೂರಕ್ಕೆ 16-18 ಭಾಗ ಇರಬೇಕು. ಬರೀ ನುಚ್ಚಿನಲ್ಲಿ ಅದರ ಅರ್ಧವೇ ಇರುವುದು. ಚೀಲದಲ್ಲಿ ಬರುವ ಲೇಯರ್ ಮ್ಯಾಶ್‌ನಲ್ಲಿ (ಮೊಟ್ಟೆ ಇಡುವ ಕೋಳಿಯ ಮೇವು) ಎಲ್ಲ ಲೆಕ್ಕ ಹಾಕಿ ಬೆರೆಸಿರುತ್ತಾರೆ, ನಿಜ. ಆದರೆ ಅದನ್ನು ಮರಿಗಳಿಗೆ ಹಾಕಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ.

ಸ್ವರ್ಣಧಾರಕ್ಕೆ ಚೀಲದ ಮೇವು ಮುಖ್ಯ, ಮನೆಯದ್ದು ಮೇಲುಖರ್ಚು. ನಾಟಿಗೆ ಇದು ತಿರುವುಮುರುವು. ನಾಟಿಗೆ ಪ್ರೋಟೀನ್ ಕೊಡುವುದು ತೋಟದ ಹುಳ ಮತ್ತು ಗೊಬ್ಬರಗುಂಡಿ. ಬೇಸಿಗೆಯಲ್ಲಿ ಮರಿಗಳಿಗೆ ಗೆದ್ದಲು ಹಿಡಿದುಕೊಡುವುದು ಹಳೆಯ ಉಪಾಯ. ಹಳೆ ಮಡಕೆಗೆ ಒಣಹುಲ್ಲು, ಸಗಣಿ ತುಂಬಿ ನೀರು ಚಿಮುಕಿಸಿ ಹುತ್ತದ ಹತ್ತಿರ ಬೋರಲು ಹಾಕಿ ಬನ್ನಿ. ಬೆಳಗ್ಗೆ ಎತ್ತಿ ಕೊಡವಿದರೆ ಬಿಳಿ ಗೆದ್ದಲು ಉದುರುತ್ತದೆ, ಹೂಮರಿಗಳು ಒಂದನ್ನೊಂದು ತಳ್ಳಿಕೊಂಡು ಬಂದು ಹೆಕ್ಕುತ್ತವೆ. ತೊಟ್ಟಿಯ ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲ ಎಂಬ ಸಣ್ಣ ಗಿಡದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿರುತ್ತೀರಿ. ಒಣಗಿಸಿ ಅಳೆದರೆ ಅದರಲ್ಲಿ ಪ್ರೋಟೀನ್ ಇದೆ, ಹಸಿಯಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಜಾಸ್ತಿ ನೀರು. ಸೊಪ್ಪಿನ ಬದಲು ಹಾಕಿ, ಮೇವಿನ ಬದಲು ಅಲ್ಲ. ಜುಲೈ ಮಳೆಗೆ ತೊಟ್ಟಿ ತುಂಬಿ ಅದು ಚರಂಡಿ ಸೇರುತ್ತದೆ, ಮೇಲೆ ಸೂರು ಇರಲಿ.

ಚೀಲದ್ದಿರಲಿ, ಮನೆಯದ್ದಿರಲಿ, ಮಲೆನಾಡಿನಲ್ಲಿ ಮೇವಿನ ದೊಡ್ಡ ಶತ್ರು ಬೂಷ್ಟು. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಕೋಳಿಗಲ್ವಾ, ನಡೆಯುತ್ತದೆ ಅಂತ ಹಾಕಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ, ಮುಚ್ಚಳ ಇರುವ ಡ್ರಮ್ಮಿನಲ್ಲಿ ನೆಲದಿಂದ ಮೇಲಿಡಿ. ತೌಡು ಬೇಗ ಕಮಟು ಹಿಡಿಯುತ್ತದೆ, ಮೂಸಿ ನೋಡಿದರೆ ಗೊತ್ತಾಗುತ್ತದೆ.

ಮೊಟ್ಟೆ

ಸಿಪ್ಪೆ ತೆಳ್ಳಗಾಯಿತು, ತೊಗಲಿನ ಮೊಟ್ಟೆ ಇಟ್ಟಿತು ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಸಾಲದು ಅಂತಲೇ. ಸಿಪ್ಪೆಯ ನೂರಕ್ಕೆ 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಹ್ಯಾಟೆ ಅದನ್ನು ಎಲ್ಲಿಂದಾದರೂ ತರಬೇಕು. ಸಿಗದಿದ್ದರೆ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಕಪ್ಪೆಚಿಪ್ಪಿನ ಪುಡಿ ಸಿಗುವುದಾದರೆ ಅದೇ ಒಳ್ಳೆಯದು, ನಿಧಾನ ಕರಗುತ್ತದೆ, ರಾತ್ರಿ ಸಿಪ್ಪೆ ಕಟ್ಟುವ ಹೊತ್ತಿಗೆ ಒದಗುತ್ತದೆ. ಇಲ್ಲದಿದ್ದರೆ ಮೊಟ್ಟೆಸಿಪ್ಪೆಯನ್ನೇ ಹುರಿದು, ಗುರುತು ಸಿಗದಷ್ಟು ಪುಡಿ ಮಾಡಿ ಬೇರೆ ಬಟ್ಟಲಲ್ಲಿಡಿ. ಇಡೀ ಸಿಪ್ಪೆ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಕಲಿಯುತ್ತವೆ. ಎಲೆಯಡಿಕೆಯ ಸುಣ್ಣ ಹಾಕಬೇಡಿ, ಅದು ಸುಟ್ಟು ನೀರಿನಲ್ಲಿ ಅರಳಿಸಿದ ಸುಣ್ಣ, ಗಂಟಲು ಸುಡುತ್ತದೆ. ಚಿಪ್ಪು ಹಾಕಿದರೂ ಸಿಪ್ಪೆ ಸೊಟ್ಟ, ಸುಕ್ಕು ಬರುತ್ತಲೇ ಇದ್ದರೆ ರೋಗ ಇರಬಹುದು, ಡಾಕ್ಟರಿಗೆ ತೋರಿಸಿ.

ಮಳೆಗಾಲದಲ್ಲಿ ಮೊಟ್ಟೆ ಕಡಿಮೆಯಾದರೆ ಗಾಬರಿ ಬೇಡ. ಜಾಸ್ತಿ ಮೊಟ್ಟೆ ಇಡಲು 14-16 ಗಂಟೆ ಬೆಳಕು ಬೇಕು, ನಮಗೆ ಮೋಡದಲ್ಲಿ ಹಗಲೇ ಮಬ್ಬು. ಅಂಗಡಿಗೆ ಕೊಡುವವರು ಒಡ್ಡಿಯಲ್ಲಿ ಬೆಳಗಿನ ಜಾವ ಒಂದು ಬಲ್ಬು ಉರಿಸಬಹುದು. ಮನೆಗಷ್ಟೇ ಆದರೆ ಬಿಡಿ, ಅವಕ್ಕೂ ಪುಕ್ಕ ಉದುರಿಸಿ ಸುಧಾರಿಸಿಕೊಳ್ಳುವ ಕಾಲ ಬೇಕಲ್ಲ.

ಹಳದಿ ಗಾಢ ಇದ್ದರೆ ನಾಟಿ, ಪೌಷ್ಟಿಕ ಅಂತ ಒಂದು ನಂಬಿಕೆ ಇದೆ. ಬಣ್ಣ ಬರುವುದು ಹಸಿರು ಸೊಪ್ಪು ಮತ್ತು ಹಳದಿ ಮೆಕ್ಕೆಜೋಳದಿಂದ. ಫಾರಂ ಕೋಳಿಗೂ ಅದನ್ನೇ ಹಾಕಿದರೆ ಅದೇ ಬಣ್ಣ. ಸಿಪ್ಪೆ ಕಂದೋ ಬಿಳಿಯೋ ಅನ್ನುವುದು ತಳಿಯ ಗುಣ, ಒಳಗಿನ ಪ್ರೋಟೀನಿಗೂ ಅದಕ್ಕೂ ಸಂಬಂಧ ಇಲ್ಲ. ಹಿತ್ತಲ ಮೊಟ್ಟೆಯ ಲಾಭ ಏನು ಅಂದರೆ ಅದು ತಾಜಾ, ಮತ್ತು ಕೋಳಿಗೆ ಏನು ಹಾಕಿದ್ದೇವೆ ಅನ್ನುವುದು ನಮಗೇ ಗೊತ್ತು. ರೋಗಕ್ಕೆ ಅಂತ ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರನ್ನು ಕೇಳಿಕೊಳ್ಳಿ, ಅಷ್ಟು ದಿನದ್ದು ಯಾರಿಗೂ ಕೊಡಬೇಡಿ.

ತೊಳೆಯಬೇಕೋ ಬೇಡವೋ? ಆದಷ್ಟು ಬೇಡ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ರೋಗಾಣು ಒಳಗೆ ಇಳಿಯಲು ದಾರಿಯಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ತೀರಾ ಗಲೀಜಾಗಿದ್ದರೆ ಮೊಟ್ಟೆಗಿಂತ ಬಿಸಿಯಿರುವ ನೀರಿನಲ್ಲಿ ತೊಳೆದು ಆ ದಿನವೇ ಬೇಯಿಸಿಬಿಡಿ. ತಣ್ಣೀರು ಹಾಕಿದರೆ ಒಳಗಿನದ್ದು ಕುಗ್ಗಿ ಕೊಳೆಯನ್ನು ಸಿಪ್ಪೆಯ ಮೂಲಕ ಎಳೆದುಕೊಳ್ಳುತ್ತದೆ. ದಿನಾ ಗಲೀಜು ಮೊಟ್ಟೆ ಬರುತ್ತಿದ್ದರೆ ಇಡುವ ಬುಟ್ಟಿಯ ಹುಲ್ಲು ಬದಲಿಸಿ, ಮಲಗುವ ಕೋಲಿಗಿಂತ ಬುಟ್ಟಿ ಕೆಳಗಿರಲಿ. ಬುಟ್ಟಿ ಮೇಲಿದ್ದರೆ ಅದರಲ್ಲೇ ಮಲಗಿ ಅಲ್ಲೇ ಹಿಕ್ಕೆ ಹಾಕುತ್ತವೆ. ಪೊದೆಯಲ್ಲಿ ಸಿಕ್ಕಿದ, ಎಂದಿನದು ಅಂತ ಗೊತ್ತಿಲ್ಲದ ಮೊಟ್ಟೆಯನ್ನು ನೀರಿಗೆ ಹಾಕಿ ನೋಡಿ. ಅಡ್ಡ ಮಲಗಿದರೆ ಹೊಸತು, ಚೂಪು ತುದಿ ಕೆಳಗಾಗಿ ನೆಟ್ಟಗೆ ನಿಂತರೆ ಹಳತು, ಚೆನ್ನಾಗಿ ಬೇಯಿಸಿ ತಿನ್ನಬಹುದು. ತೇಲಿದರೆ ಒಡೆಯಲು ಹೋಗದೆ ಗೊಬ್ಬರಗುಂಡಿಯಲ್ಲಿ ಹೂತುಬಿಡಿ.